ಎಳೆಬಿಸಿಲಿನಿಂದ ಇಳಿಬಿಸಿಲಿನವರೆಗೆ: ಮಕ್ಕಳ ಜೊತೆ ಬೇಸಿಗೆ ರಜೆ

ರಜೆ ಬಂದರೆ ನಮ್ಮ ಮನೆಯಲ್ಲಿ ಮೂರು ಮಕ್ಕಳು. ಮಗಳಿಗೆ 11 ವರ್ಷ, ಮಗನಿಗೆ 6, ಅಕ್ಕನ ಮಗನಿಗೆ 9. ಅವರನ್ನು ನೋಡಿಕೊಳ್ಳಲು ನಾನು ಮತ್ತು ನನ್ನ ಅಪ್ಪ. ಮೊದಲ ವರ್ಷ ನಾನೊಂದು ದೊಡ್ಡ ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೆ. ಮೂವತ್ತು ಚಟುವಟಿಕೆ, ಒಂದೊಂದರ ಪಕ್ಕ ತಾರೀಖು. ನಾಲ್ಕನೇ ದಿನಕ್ಕೇ ಅದು ಕೈಕೊಟ್ಟಿತು. ಮಧ್ಯಾಹ್ನ ಹನ್ನೆರಡಕ್ಕೆ ಸೋಪಿನ ಗುಳ್ಳೆ ಊದಲು ಹೋದೆವು, ಒಂದು ಗುಳ್ಳೆಯೂ ನಿಲ್ಲಲಿಲ್ಲ. ಬೆಳಗ್ಗೆ ಗಾಳಿಪಟ ಹಿಡಿದು ನಿಂತೆವು, ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ತಿರುಗಾಟಕ್ಕೆ ಹೊರಟಿದ್ದು ಹನ್ನೊಂದು ಗಂಟೆಗೆ. ಒಂದೇ ತಾಸಿನಲ್ಲಿ ಚಿಕ್ಕವನ ಮುಖ ಕೆಂಪಾಗಿ, ಅವನನ್ನು ಹೆಗಲ ಮೇಲೆ ಹಾಕಿಕೊಂಡು ವಾಪಸ್ ಬಂದೆವು.

ಆಮೇಲೆ ನಾನು ಪಟ್ಟಿ ಬಿಟ್ಟೆ, ಬಿಸಿಲನ್ನು ನೋಡಿ ದಿನ ಹೊಂದಿಸತೊಡಗಿದೆ. ಎಳೆಬಿಸಿಲಿಗೆ ಒಂದು ಕೆಲಸ, ನೆತ್ತಿಯ ಬಿಸಿಲಿಗೆ ಒಂದು, ಇಳಿಬಿಸಿಲಿಗೆ ಒಂದು. ಮತ್ತೆ ರಾತ್ರಿ ಮಲಗುವ ಮುಂಚೆ ನಾಳೆಗೆ ಏನಾದರೂ ಒಂದು ಹಾಕಿಡುವುದು. ಈ ಕೊನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಕಾಯಲು ಏನಾದರೂ ಇದ್ದ ಮಕ್ಕಳು ಬೆಳಗ್ಗೆ ಎದ್ದ ಕೂಡಲೇ ಮೊಬೈಲ್ ಕೇಳುವುದಿಲ್ಲ. ನೇರ ಫ್ರೀಜರ್ ಹತ್ತಿರ ಓಡುತ್ತಾರೆ. ಹಾಗಾಗಿ ನಾನೂ ರಾತ್ರಿಯಿಂದಲೇ ಶುರು ಮಾಡುತ್ತೇನೆ.

ರಾತ್ರಿ ಹಾಕಿಡುವುದು

ಐಸ್ ಕ್ಯಾಂಡಿ ಹುಟ್ಟಿದ್ದೂ ಹೀಗೆ ರಾತ್ರಿ ಹೊರಗೆ ಉಳಿದುಹೋದ ಒಂದು ಲೋಟದಿಂದ ಅಂತ ಕಥೆ ಇದೆ. 1905ರಲ್ಲಿ ಅಮೆರಿಕದ ಫ್ರಾಂಕ್ ಎಪರ್ಸನ್ ಎಂಬ 11 ವರ್ಷದ ಹುಡುಗ ಸಿಹಿ ಸೋಡಾ ಪುಡಿಯನ್ನು ನೀರಿಗೆ ಕಲಸಿ, ಕಲಸಿದ ಕಡ್ಡಿಯನ್ನು ಅದರಲ್ಲೇ ಬಿಟ್ಟು, ಲೋಟವನ್ನು ಮನೆಯ ಹೊರಗೆ ಮರೆತನಂತೆ. ರಾತ್ರಿ ಚಳಿಗೆ ಅದು ಕಡ್ಡಿ ಸಮೇತ ಗಟ್ಟಿಯಾಗಿತ್ತು. ದೊಡ್ಡವನಾದ ಮೇಲೆ, 1924ರಲ್ಲಿ, ಅವನು ಇದಕ್ಕೆ ಪೇಟೆಂಟ್ ಪಡೆದ. ನನ್ನ ಮಗಳಿಗೂ ಈಗ 11. ಈ ಕಥೆ ಹೇಳಿದ ರಾತ್ರಿ ಅವಳೇ ಮಿಕ್ಸಿ ಹತ್ತಿರ ಬಂದು ನಿಂತಳು.

ನಮ್ಮ ಮನೆಯಲ್ಲಿ ಮಾಡುವ ಅಳತೆ ಇದು. ಬೀಜ ತೆಗೆದ ಕಲ್ಲಂಗಡಿ ಹೋಳು 4 ಕಪ್, ಒಂದು ನಿಂಬೆಹಣ್ಣಿನ ರಸ, 2 ದೊಡ್ಡ ಚಮಚ ಸಕ್ಕರೆ, ಒಂದು ಚಿಟಿಕೆ ಉಪ್ಪು. ಎಲ್ಲವನ್ನೂ ರುಬ್ಬಿ, ಸೋಸಿ, ಅಚ್ಚಿಗೆ ಸುರಿಯಿರಿ. ರುಚಿ ನೋಡುವಾಗ ಒಂದು ವಿಷಯ ನೆನಪಿಡಿ. ತಣ್ಣಗಿನ ತಿನಿಸಿನಲ್ಲಿ ಸಿಹಿ ನಾಲಿಗೆಗೆ ಕಮ್ಮಿ ತಿಳಿಯುತ್ತದೆ. ಅದಕ್ಕೆ ರಸ ಕುಡಿಯುವಾಗ ಬೇಕಾದ್ದಕ್ಕಿಂತ ಒಂದು ಕೂದಲೆಳೆ ಜಾಸ್ತಿ ಸಿಹಿ ಇರಬೇಕು. ಹಾಗಂತ ಸಕ್ಕರೆ ಸುರಿದರೆ ಅದು ಗಟ್ಟಿಯೇ ಆಗುವುದಿಲ್ಲ, ಮೆತ್ತಗೆ ಉಳಿಯುತ್ತದೆ.

ಅಚ್ಚು ಇಲ್ಲದಿದ್ದರೆ ಚಿಂತೆ ಬೇಡ. ಸಣ್ಣ ಸ್ಟೀಲ್ ಲೋಟ ಸಾಕು. ಕಡ್ಡಿ ನೆಟ್ಟಗೆ ನಿಲ್ಲಿಸುವುದೇ ಇದರಲ್ಲಿರುವ ಕಷ್ಟ. ಲೋಟದ ಬಾಯಿಗೆ ಅಲ್ಯೂಮಿನಿಯಂ ಫಾಯಿಲ್ ಬಿಗಿಯಾಗಿ ಸುತ್ತಿ, ನಡುವೆ ಚಾಕುವಿನ ತುದಿಯಿಂದ ಸಣ್ಣ ಸೀಳು ಮಾಡಿ, ಅದರೊಳಗೆ ಕಡ್ಡಿ ತೂರಿಸಿ. ಬೆಳಗಾಗುವಷ್ಟರಲ್ಲಿ ನೆಟ್ಟಗೆ ಕೂತಿರುತ್ತದೆ. ಎರಡು ಬಣ್ಣದ ಪದರ ಬೇಕಾದರೆ ಮೊದಲ ಪದರ ಮುಟ್ಟಿದರೆ ಗಟ್ಟಿ ಅನಿಸುವವರೆಗೆ ಕಾದು ಎರಡನೆಯದನ್ನು ಸುರಿಯಿರಿ. ಅವಸರ ಮಾಡಿದರೆ ಎರಡೂ ಬೆರೆತು ಒಂದೇ ಬಣ್ಣವಾಗುತ್ತದೆ. ತೆಗೆಯುವಾಗ ಲೋಟವನ್ನು ಮಾಮೂಲಿ ನೀರಿನಲ್ಲಿ 15-20 ಸೆಕೆಂಡ್ ಅದ್ದಿ. ಕಡ್ಡಿಯನ್ನು ಸುಮ್ನೆ ಎಳೆಯಬೇಡಿ, ಅದೊಂದೇ ಕೈಗೆ ಬರುತ್ತದೆ.

ಲೋಟ ಪೂರ್ತಿ ತುಂಬಬೇಡಿ. ನೀರು ಗಡ್ಡೆ ಕಟ್ಟುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಇದು ಗೊತ್ತಿದ್ದೂ ನಾನು ಒಮ್ಮೆ ಗಾಜಿನ ಬಾಟಲಿಯಲ್ಲಿ ನಿಂಬೆ ಪಾನಕ ಕತ್ತಿನವರೆಗೆ ತುಂಬಿ ಫ್ರೀಜರಿನಲ್ಲಿಟ್ಟೆ. ಬೆಳಗ್ಗೆ ಬಾಗಿಲು ತೆಗೆದರೆ ಬಾಟಲಿ ಸೀಳಿತ್ತು, ಐಸ್ ತುಂಬಾ ಗಾಜಿನ ಚೂರು. ಚಿಕ್ಕವನು ನನಗಿಂತ ಮುಂಚೆ ಎದ್ದಿದ್ದರೆ ಅಂತ ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಫ್ರೀಜರಿಗೆ ಗಾಜು ಬೇಡವೇ ಬೇಡ. ಸ್ಟೀಲ್ ಅಥವಾ ಪ್ಲಾಸ್ಟಿಕ್, ಅದೂ ಮೇಲೆ ಒಂದು ಬೆರಳಷ್ಟು ಜಾಗ ಬಿಟ್ಟು.

ಇದರ ಜೊತೆಗೇ ನಾಲ್ಕು ಮಾಗಿದ ಬಾಳೆಹಣ್ಣು ಬಿಲ್ಲೆ ಮಾಡಿ ಒಂದು ಡಬ್ಬಿಯಲ್ಲಿ ಫ್ರೀಜರಿಗೆ ಹಾಕಿ. ಮಾರನೇ ದಿನ ಮಿಕ್ಸಿಯಲ್ಲಿ ತಿರುಗಿಸಿದರೆ ಮೊದಲು ಪುಡಿಪುಡಿಯಾಗುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ನುಣ್ಣಗೆ ಐಸ್ ಕ್ರೀಮಿನ ಹಾಗೆ ಆಗುತ್ತದೆ. ಹಾಲು ಬೇಡ, ಸಕ್ಕರೆ ಬೇಡ. ದ್ರಾಕ್ಷಿಯನ್ನೂ ಹೀಗೆ ಇಡಬಹುದು. ಆದರೆ ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ದ್ರಾಕ್ಷಿ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಿ, ಅದೂ ಗಟ್ಟಿ ಇರುವಾಗಲ್ಲ, ಮೆತ್ತಗಾದ ಮೇಲೆ.

ಎಳೆಬಿಸಿಲಿಗೆ ಗುಳ್ಳೆ

ಗುಳ್ಳೆ ನೀರನ್ನೂ ರಾತ್ರಿಯೇ ಕಲಸಿಡಬೇಕು. 6 ಕಪ್ ನೀರು, 1 ಕಪ್ ಪಾತ್ರೆ ತೊಳೆಯುವ ಲಿಕ್ವಿಡ್, 1 ದೊಡ್ಡ ಚಮಚ ಗ್ಲಿಸರಿನ್. ಗ್ಲಿಸರಿನ್ ಸಿಗದಿದ್ದರೆ 3 ದೊಡ್ಡ ಚಮಚ ಸಕ್ಕರೆಯನ್ನು ಬಿಸಿನೀರಲ್ಲಿ ಕರಗಿಸಿ ಹಾಕಿ. ನೊರೆ ಬರದಂತೆ ನಿಧಾನ ಕಲಸಿ, ಮುಚ್ಚಿಡಿ. ನೊರೆ ಗುಳ್ಳೆಯ ಶತ್ರು. ನೊರೆ ಬಂದಿದ್ದರೆ ಮೇಲಿನಿಂದ ಚಮಚದಲ್ಲಿ ತೆಗೆದುಬಿಡಿ.

ದೊಡ್ಡ ಗುಳ್ಳೆಗೆ ಊದುವ ಕೊಳವೆ ಸಾಲದು. ಮೊಳದುದ್ದದ ಎರಡು ಕೋಲು ತೆಗೆದುಕೊಳ್ಳಿ. ಅವುಗಳ ತುದಿಗಳ ನಡುವೆ 40 ಸೆಂಟಿಮೀಟರಿನ ಹತ್ತಿ ದಾರ ಕಟ್ಟಿ. ಅದೇ ತುದಿಗಳಿಂದ 80 ಸೆಂಟಿಮೀಟರಿನ ಇನ್ನೊಂದು ದಾರ ಇಳಿಬಿಡಿ. ಅದರ ನಡುವೆ ಒಂದು ದೊಡ್ಡ ಗುಂಡಿ ಪೋಣಿಸಿದರೆ ಭಾರಕ್ಕೆ ದಾರ ಕೆಳಗೆ ಜಗ್ಗಿ ತ್ರಿಕೋನವಾಗುತ್ತದೆ. ಹತ್ತಿಯ ದಾರವೇ ಆಗಬೇಕು, ನೈಲಾನ್ ನೀರು ಹಿಡಿಯುವುದಿಲ್ಲ. ಕೋಲುಗಳನ್ನು ಜೋಡಿಸಿ ದಾರವನ್ನು ನೀರಿನಲ್ಲಿ ಅದ್ದಿ, ಎತ್ತಿ, ಮೆಲ್ಲಗೆ ಅಗಲಿಸಿ. ಎರಡು ಹೆಜ್ಜೆ ಹಿಂದಕ್ಕೆ ನಡೆಯಿರಿ. ಗಾಳಿಯೇ ಗುಳ್ಳೆ ತುಂಬುತ್ತದೆ. ಕೊನೆಗೆ ಕೋಲುಗಳನ್ನು ಮತ್ತೆ ಕೂಡಿಸಿದರೆ ಗುಳ್ಳೆ ದಾರದಿಂದ ಬಿಡಿಸಿಕೊಂಡು ಹೋಗುತ್ತದೆ. ಕೂಡಿಸುವುದನ್ನು ಚಿಕ್ಕ ಮಕ್ಕಳು ಮರೆಯುತ್ತಾರೆ, ಪಕ್ಕದಲ್ಲಿ ನಿಂತು "ಮುಚ್ಚು, ಮುಚ್ಚು" ಅನ್ನುತ್ತಿರಬೇಕು.

ಇದಕ್ಕೆ ಬೆಳಗ್ಗೆಯೇ ಯಾಕೆ? ಗುಳ್ಳೆ ಅಂದರೆ ಸೋಪಿನ ಎರಡು ಪದರಗಳ ನಡುವೆ ತೆಳ್ಳಗಿನ ನೀರು. ಆ ನೀರು ಆರಿದರೆ ಗುಳ್ಳೆ ಒಡೆಯುತ್ತದೆ. ಮಧ್ಯಾಹ್ನದ ಒಣ ಗಾಳಿಗೆ ಬೇಗ ಆರುತ್ತದೆ, ಬೆಳಗಿನ ತೇವದ ಗಾಳಿಗೆ ತಡವಾಗಿ. ಗ್ಲಿಸರಿನ್ ಮತ್ತು ಸಕ್ಕರೆ ಮಾಡುವ ಕೆಲಸವೂ ಅದೇ, ನೀರನ್ನು ಹಿಡಿದಿಡುವುದು. ಮಳೆ ನಿಂತ ಮೇಲಿನ ಹೊತ್ತು ಸಿಕ್ಕರಂತೂ ಬಿಡಲೇಬೇಡಿ. ಇನ್ನೊಂದು: ಒಣ ಕೈ ತಾಗಿದರೆ ಗುಳ್ಳೆ ಒಡೆಯುತ್ತದೆ, ಅದೇ ನೀರಿನಲ್ಲಿ ಒದ್ದೆ ಮಾಡಿದ ಕೈಯಲ್ಲಿ ಬಂದು ಕೂರುತ್ತದೆ. ಅಕ್ಕನ ಮಗ ಇದನ್ನು ತಾನೇ ಕಂಡುಹಿಡಿದ. ಅಂಗೈ ಮೇಲೆ ಗುಳ್ಳೆ ಇಟ್ಟುಕೊಂಡು ಉಸಿರು ಬಿಗಿಹಿಡಿದು ಅವನು ಮನೆಯೊಳಗೆ ನಡೆದು ಬಂದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ನೆಲ ಜಾರುತ್ತದೆ. ಹುಲ್ಲಿನ ಮೇಲೋ ಮಣ್ಣಿನ ಮೇಲೋ ಆಡಿಸಿ.

ನೆತ್ತಿಯ ಬಿಸಿಲಿಗೆ ಚಿತ್ರ ಬರೆಸುವುದು

ಹನ್ನೊಂದರಿಂದ ಮೂರರವರೆಗೆ ಮಕ್ಕಳು ಒಳಗೆ, ಬಿಸಿಲು ಹೊರಗೆ ಕೆಲಸ ಮಾಡಲಿ. ನನಗೆ ತುಂಬಾ ಇಷ್ಟವಾದ ಕೆಲಸ ಇದು: ಅರಿಶಿನದ ನೆರಳಚ್ಚು. ಅರಿಶಿನಕ್ಕೆ ಹಳದಿ ಕೊಡುವ ಕರ್ಕ್ಯುಮಿನ್ ಬಿಸಿಲಿಗೆ ಮಾಸುತ್ತದೆ. ಅರಿಶಿನದ ಕಲೆಯಾದ ಬಟ್ಟೆಯನ್ನು ಬಿಸಿಲಿಗೆ ಹಾಕಿದರೆ ಕಲೆ ತೆಳುವಾಗುವುದನ್ನು ನೋಡಿರುತ್ತೀರಿ ಅಲ್ವಾ, ಅದೇ ಸಂಗತಿ. ಕಾಗದಕ್ಕೆ ಅರಿಶಿನ ಬಳಿದು ಮೇಲೆ ಎಲೆ ಇಟ್ಟರೆ, ಎಲೆಯ ಅಡಿಯಲ್ಲಿ ಹಳದಿ ಉಳಿಯುತ್ತದೆ, ಸುತ್ತ ಮಾಸುತ್ತದೆ.

ಹೀಗೆ ಮಾಡಿ. ಕಾಲು ಕಪ್ ಸರ್ಜಿಕಲ್ ಸ್ಪಿರಿಟ್‌ಗೆ 2 ಸಣ್ಣ ಚಮಚ ಅರಿಶಿನ ಹಾಕಿ ಕಲಸಿ, ಐದು ನಿಮಿಷ ಬಿಡಿ, ಹಳೇ ಬಟ್ಟೆಯಲ್ಲಿ ಸೋಸಿ. ಸ್ಪಿರಿಟ್ ಮುಟ್ಟುವ ಕೆಲಸ ದೊಡ್ಡವರದು. ಒಲೆ ಆರಿರಬೇಕು, ಕಿಟಕಿ ತೆರೆದಿರಬೇಕು. ನೀರಿನಲ್ಲಿ ಕಲಸಬಾರದೇ ಅಂತ ಕೇಳಬಹುದು. ಕರ್ಕ್ಯುಮಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಪುಡಿ ಪುಡಿಯಾಗಿ ಕಾಗದದ ಮೇಲೆ ಕೂರುತ್ತದೆ, ಅಚ್ಚು ಸ್ಪಷ್ಟ ಬರುವುದಿಲ್ಲ. ಸೋಸಿದ ಬಣ್ಣವನ್ನು ಚಿತ್ರ ಬಿಡಿಸುವ ದಪ್ಪ ಕಾಗದಕ್ಕೆ ಬ್ರಷ್‌ನಿಂದ ಎರಡು ಸಲ ಬಳಿಯಿರಿ. ಕತ್ತಲೆ ಕೋಣೆಯಲ್ಲೋ ಕಪಾಟಿನಲ್ಲೋ ಒಣಗಿಸಿ. ಎಲ್ಲರಿಗೂ ಹಳೇ ಬಟ್ಟೆ ಹಾಕಿಸಿ, ಈ ಬಣ್ಣ ಬೇಗ ಬಿಡುವುದಿಲ್ಲ.

ಒಣಗಿದ ಕಾಗದದ ಮೇಲೆ ಮಕ್ಕಳು ಆರಿಸಿ ತಂದ ಎಲೆ, ಹುಲ್ಲು, ಗರಿ ಜೋಡಿಸಲಿ. ಚಪ್ಪಟೆಯಾದ ಎಲೆಗಳೇ ಚೆನ್ನ. ಉಬ್ಬಿದ ಹೂವಾದರೆ ಸಂದಿಯಲ್ಲಿ ಬೆಳಕು ನುಗ್ಗಿ ಅಂಚು ಮಸುಕಾಗುತ್ತದೆ. ಮೇಲೆ ಫೋಟೋ ಫ್ರೇಮಿನ ಗಾಜು ಒತ್ತಿಟ್ಟು, ನೇರ ಬಿಸಿಲು ಬೀಳುವ ಕಡೆ ಇಡಿ. ಎರಡರಿಂದ ಮೂರು ಗಂಟೆ ಬೇಕು, ಮೋಡ ಇದ್ದರೆ ಇನ್ನೂ ಜಾಸ್ತಿ. ಸುತ್ತಲಿನ ಹಳದಿ ಚೆನ್ನಾಗಿ ತೆಳುವಾದ ಮೇಲೆ ಒಳಗೆ ತಂದು ಎಲೆ ತೆಗೆಯಿರಿ.

ಇಲ್ಲಿಗೆ ಮುಗಿಯಲಿಲ್ಲ. ಒಂದು ಕಪ್ ನೀರಿಗೆ 1 ಸಣ್ಣ ಚಮಚ ಬೇಕಿಂಗ್ ಸೋಡಾ ಕರಗಿಸಿ ಕಾಗದಕ್ಕೆ ಚಿಮುಕಿಸಿ. ಉಳಿದಿದ್ದ ಹಳದಿ ಕಣ್ಣೆದುರಿಗೇ ಕೆಂಪುಗಂದು ಬಣ್ಣಕ್ಕೆ ತಿರುಗುತ್ತದೆ. ಎಲೆ ಎದ್ದು ಕಾಣುತ್ತದೆ. ಮೂವರೂ ಒಟ್ಟಿಗೆ "ಹೋ" ಅನ್ನುವ ಗಳಿಗೆ ಇದು. ಆರಿದ ಮೇಲೆ ಪುಸ್ತಕದೊಳಗೆ ಇಡಿ. ಗೋಡೆಗೆ ಹಾಕಿದರೆ ಬೆಳಕಿಗೆ ದಿನೇ ದಿನೇ ಮಾಸುತ್ತದೆ.

ಸಸ್ಯದ ರಸದಿಂದ ಹೀಗೆ ಚಿತ್ರ ಮೂಡಿಸುವುದನ್ನು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಪರೀಕ್ಷೆ ಮಾಡಿ 1842ರಲ್ಲಿ ಬರೆದರು. ಅದೇ ವರ್ಷ ಅವರು ಕಬ್ಬಿಣದ ಲವಣಗಳಿಂದ ನೀಲಿ ನೆರಳಚ್ಚು ಮಾಡುವ ಸಯನೋಟೈಪ್ ಎಂಬ ವಿಧಾನವನ್ನೂ ಕಂಡುಹಿಡಿದರು. ಮರುವರ್ಷ, 1843ರಲ್ಲಿ, ಅನ್ನಾ ಆಟ್ಕಿನ್ಸ್ ಎಂಬ ಹೆಣ್ಣುಮಗಳು ಕಡಲಪಾಚಿಗಳನ್ನು ಒಂದೊಂದಾಗಿ ಕಾಗದದ ಮೇಲೆ ಹರಡಿ, ಬಿಸಿಲಿಗಿಟ್ಟು, ಆ ನೀಲಿ ಅಚ್ಚುಗಳಿಂದಲೇ ಪುಸ್ತಕ ಮಾಡತೊಡಗಿದರು. ಮಗಳು ತನ್ನ ಪ್ರತಿ ಅಚ್ಚಿನ ಕೆಳಗೆ ಈಗ ಎಲೆಯ ಹೆಸರು, ತಾರೀಖು, ಎಷ್ಟು ಗಂಟೆ ಬಿಸಿಲಿಗಿಟ್ಟಳು ಎಂಬುದನ್ನು ಬರೆಯುತ್ತಾಳೆ. ನಾನು ಹೇಳಿಕೊಟ್ಟದ್ದಲ್ಲ.

ಅಚ್ಚು ಬಿಸಿಲಲ್ಲಿರುವ ಹೊತ್ತಿಗೆ ಒಳಗೆ ಕೈಗೆ ಕೆಲಸ ಬೇಕಲ್ಲ, ಅದಕ್ಕೆ ಚೀಲದ ಐಸ್ ಕ್ರೀಂ. ಜಿಪ್ ಇರುವ ಸಣ್ಣ ಚೀಲಕ್ಕೆ ಅರ್ಧ ಕಪ್ ಕೆನೆ ಹಾಲು, 1 ದೊಡ್ಡ ಚಮಚ ಸಕ್ಕರೆ, ಎರಡು ಹನಿ ವೆನಿಲ್ಲಾ ಹಾಕಿ, ಗಾಳಿ ಹೊರಡಿಸಿ ಮುಚ್ಚಿ. ಇನ್ನೊಂದು ಚೀಲದೊಳಗೆ ಅದನ್ನಿಟ್ಟು ಅದನ್ನೂ ಮುಚ್ಚಿ. ದೊಡ್ಡ ಚೀಲಕ್ಕೆ 4 ಕಪ್ ಐಸ್, ಅರ್ಧ ಕಪ್ ಕಲ್ಲುಪ್ಪು. ಸಣ್ಣ ಚೀಲವನ್ನು ಅದರೊಳಗೆ ಹಾಕಿ, ದಪ್ಪ ಟವೆಲ್ ಸುತ್ತಿ, ಹತ್ತು ನಿಮಿಷ ಕುಲುಕಬೇಕು. ಒಬ್ಬರ ಕೈ ಸೋತರೆ ಇನ್ನೊಬ್ಬರಿಗೆ. ಉಪ್ಪು ತಾಗಿದ ಐಸ್ ಸೊನ್ನೆ ಡಿಗ್ರಿಗಿಂತ ಕೆಳಗೂ ಕರಗುತ್ತದೆ. ಕರಗಲು ಬೇಕಾದ ಶಾಖವನ್ನು ಹಾಲಿನಿಂದ ಎಳೆದುಕೊಳ್ಳುತ್ತದೆ. ಉಪ್ಪಿಲ್ಲದ ಬರೀ ಐಸ್‌ನಲ್ಲಿ ಎಷ್ಟು ಕುಲುಕಿದರೂ ಹಾಲು ತಣ್ಣಗಾಗುತ್ತದೆ ಅಷ್ಟೇ, ಗಟ್ಟಿಯಾಗುವುದಿಲ್ಲ. ಟವೆಲ್ ಬಿಡಬೇಡಿ, ಈ ಚಳಿ ಬರಿಗೈಯ ಚರ್ಮವನ್ನು ಸುಡುತ್ತದೆ. ತೆರೆಯುವ ಮುಂಚೆ ಸಣ್ಣ ಚೀಲವನ್ನು ತಣ್ಣೀರಿನಲ್ಲಿ ತೊಳೆಯಿರಿ. ಇಲ್ಲದಿದ್ದರೆ ಮೊದಲ ತುತ್ತೇ ಉಪ್ಪು.

ಅಂಗಳ ಇದ್ದವರು ಬೆಳಗ್ಗೆಯೇ ಒಂದು ಕೋಲು ನೆಟ್ಟು, ಗಂಟೆಗೊಮ್ಮೆ ನೆರಳಿನ ತುದಿಗೆ ಒಂದು ಕಲ್ಲು ಇಡಿಸಬಹುದು. ಮರುದಿನ ಕಲ್ಲು ನೋಡಿ ಹೊತ್ತು ಹೇಳಬಹುದು. ಚಿಕ್ಕವನು ಗಡಿಯಾರ ನೋಡುವುದಕ್ಕಿಂತ ಮೊದಲು ಇದನ್ನು ಕಲಿತ.

ಇಳಿಬಿಸಿಲಿಗೆ ಗಾಳಿಪಟ

ಗಾಳಿಪಟ ಅಪ್ಪನ ಇಲಾಖೆ. ನಾನು ಬರೆಯುತ್ತಿರುವುದು ಅವರು ಹೇಳಿದ್ದು. ಹಗುರವಾದ, ಬಾಗುವ, ಸಮ ದಪ್ಪದ ಎರಡು ಕಡ್ಡಿ: ಒಂದು 90 ಸೆಂಟಿಮೀಟರ್, ಇನ್ನೊಂದು 75. ಉದ್ದ ಕಡ್ಡಿಯ ಮೇಲ್ತುದಿಯಿಂದ ಕಾಲು ಭಾಗ ಕೆಳಗೆ, ಅಂದರೆ ಸುಮಾರು 22 ಸೆಂಟಿಮೀಟರಿನಲ್ಲಿ, ಅಡ್ಡ ಕಡ್ಡಿ ಇಟ್ಟು ದಾರದಿಂದ ಬಿಗಿಯಾಗಿ ಕಟ್ಟಿ. ಕಟ್ಟುವ ಮುಂಚೆ ಅಡ್ಡ ಕಡ್ಡಿಯ ನಡುವನ್ನು ಬೆರಳ ಮೇಲಿಟ್ಟು ನೋಡಿ. ಒಂದು ಬದಿ ವಾಲಿದರೆ ಆ ಬದಿಯನ್ನು ಸ್ವಲ್ಪ ಹೆರೆಯಿರಿ. "ಇಲ್ಲಿ ಸೋಮಾರಿತನ ಮಾಡಿದರೆ ಮೇಲೆ ಹೋದಾಗ ಗೊತ್ತಾಗುತ್ತೆ" ಅನ್ನುತ್ತಾರೆ ಅಪ್ಪ.

ನಾಲ್ಕೂ ತುದಿಗೆ ಕಚ್ಚು ಹಾಕಿ ಸುತ್ತ ದಾರ ಬಿಗಿದರೆ ಚೌಕಟ್ಟು ಆಯಿತು. ಅದನ್ನು ತೆಳು ಕಾಗದದ ಮೇಲಿಟ್ಟು, ಎಲ್ಲ ಕಡೆ 2 ಸೆಂಟಿಮೀಟರ್ ಹೆಚ್ಚು ಬಿಟ್ಟು ಕತ್ತರಿಸಿ. ಅಂಚನ್ನು ದಾರದ ಮೇಲೆ ಮಡಿಸಿ ಅಂಟಿಸಿ. ಅಂಟು ಪೂರ್ತಿ ಒಣಗಲಿ.

ಆಮೇಲೆ ಸೂತ್ರ. ಉದ್ದ ಕಡ್ಡಿಗಿಂತ ಒಂದು ಗೇಣು ಉದ್ದದ ದಾರವನ್ನು ಅದರ ಮೇಲ್ತುದಿಗೂ ಕೆಳತುದಿಗೂ, ಕಾಗದ ಇರುವ ಬದಿಯಲ್ಲಿ ಕಟ್ಟಿ. ಕಡ್ಡಿಗಳು ಸೇರುವ ಜಾಗಕ್ಕಿಂತ ತುಸು ಮೇಲೆ ಬರುವಂತೆ ಆ ದಾರದಲ್ಲಿ ಒಂದು ಕುಣಿಕೆ ಮಾಡಿ. ಹಾರಿಸುವ ದಾರ ಕಟ್ಟುವುದು ಈ ಕುಣಿಕೆಗೆ. ಗಾಳಿಪಟ ಮೇಲೇಳದಿದ್ದರೆ, ತಲೆ ಕೆಳಗೆ ಹಾಕಿದರೆ, ಕುಣಿಕೆಯನ್ನು ಒಂದೊಂದು ಸೆಂಟಿಮೀಟರ್ ಮೇಲಕ್ಕೋ ಕೆಳಕ್ಕೋ ಸರಿಸಿ ನೋಡಬೇಕು. ತಾಳ್ಮೆ ಬೇಕಾಗುವುದು ಇಲ್ಲಿಯೇ.

ಬಾಲಂಗೋಚಿಯನ್ನು ಹಳೇ ಬಟ್ಟೆಯ ಪಟ್ಟಿಗಳಿಂದ ಮಾಡಿ. ಉದ್ದ ಗಾಳಿಪಟದ ಐದಾರು ಪಟ್ಟು ಇರಲಿ, ನಮ್ಮದಕ್ಕೆ ಸುಮಾರು 5 ಮೀಟರ್. ನಾವು ಮೊದಲ ಸಲ ಚಂದಕ್ಕೆ ಅಂತ ಒಂದು ಮೀಟರಿನ ಬಾಲ ಕಟ್ಟಿದ್ದೆವು. ಗಾಳಿಪಟ ಗಿರಗಿರ ಸುತ್ತಿ ನೆಲಕ್ಕೆ ಬಿದ್ದು ಕಡ್ಡಿ ಮುರಿಯಿತು. ಅಕ್ಕನ ಮಗ ಅತ್ತ. ಅಪ್ಪ ಏನೂ ಹೇಳಲಿಲ್ಲ, ಇನ್ನೊಂದು ಕಡ್ಡಿ ತೆಗೆದು ಅವನ ಕೈಗೆ ಚಾಕು ಕೊಟ್ಟು, ಕೈ ಹಿಡಿದು ಹೆರೆಸಿದರು. ಸುತ್ತಿದರೆ ಬಾಲ ಉದ್ದ ಮಾಡಿ, ಭಾರಕ್ಕೆ ಏಳದಿದ್ದರೆ ಗಿಡ್ಡ ಮಾಡಿ.

ಹಾರಿಸಲು ಓಡಬೇಕಾಗಿಲ್ಲ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಇನ್ನೊಬ್ಬರು ಗಾಳಿಪಟ ಹಿಡಿದು ನಿಮ್ಮ ಎದುರಿಗೆ 15-20 ಮೀಟರ್ ದೂರ ಹೋಗಲಿ. ದಾರ ಬಿಗಿಯಾಗಿರಲಿ. ಗಾಳಿ ಬೀಸಿದಾಗ ಅವರು ಬಿಟ್ಟರೆ ಸಾಕು, ಎಸೆಯಬಾರದು. ಮರದ ಎಲೆ, ಸಣ್ಣ ಕೊಂಬೆ ಬಿಡದೆ ಆಡುತ್ತಿದ್ದರೆ ಅದು ಸರಿಯಾದ ಗಾಳಿ. ಇಡೀ ಮರ ತೂಗುತ್ತಿದ್ದರೆ ಮನೆಯಲ್ಲಿರಿ. ಹತ್ತಿ ದಾರ ಮಾತ್ರ. ಗಾಜಿನ ಪುಡಿ ಹಚ್ಚಿದ ದಾರ, ಲೋಹದ ಎಳೆ ಇರುವ ದಾರ ಎರಡೂ ಬೇಡ. ಒಂದು ಹಕ್ಕಿಯ ರೆಕ್ಕೆ ಕತ್ತರಿಸುತ್ತದೆ, ಮನುಷ್ಯರ ಕತ್ತನ್ನೂ. ಇನ್ನೊಂದು ಕರೆಂಟನ್ನು ಕೈಗೆ ತರುತ್ತದೆ. ವಿದ್ಯುತ್ ತಂತಿ ಇರುವ ಕಡೆ, ರಸ್ತೆ ಪಕ್ಕ, ತಾರಸಿ ಮೇಲೆ ಹಾರಿಸಬೇಡಿ. ತಂತಿಗೆ ಸಿಕ್ಕಿಕೊಂಡರೆ ದಾರ ಬಿಟ್ಟು ಬನ್ನಿ, ಎಳೆಯಬೇಡಿ. ಗುಡುಗು ಕೇಳಿಸಿದರೆ ಒಳಗೆ.

ಎಲ್ಲರೂ ಹೊರಡುವ ದಿನ

ವಾರಕ್ಕೆ ಒಂದು ತಿರುಗಾಟ ಸಾಕು. ಕೆರೆಯೋ, ತೋಪೋ, ಉದ್ಯಾನವೋ, ಕಡಲ ದಂಡೆಯೋ, ದಾರಿ ಒಂದು ಗಂಟೆಗಿಂತ ಜಾಸ್ತಿ ಇರಬಾರದು ಅನ್ನುವುದು ನನ್ನ ಲೆಕ್ಕ. ಹಿಂಬದಿ ಸೀಟಿನಲ್ಲಿ ಕಳೆದ ಹೊತ್ತನ್ನು ಮಕ್ಕಳು ತಿರುಗಾಟ ಅಂತ ಎಣಿಸುವುದಿಲ್ಲ. ಬೆಳಗ್ಗೆ ಏಳಕ್ಕೆ ಅಲ್ಲಿರಬೇಕು, ಹತ್ತೂವರೆಗೆ ಹೊರಡಬೇಕು. ಇಲ್ಲವೇ ಸಂಜೆ ನಾಲ್ಕರ ಮೇಲೆ ಹೋಗಿ.

ಒಬ್ಬೊಬ್ಬರಿಗೂ ಒಂದು ಜವಾಬ್ದಾರಿ ಕೊಡಿ. ನಮ್ಮಲ್ಲಿ ಮಗಳು ದಾರಿ ನೋಡುತ್ತಾಳೆ, ಅಕ್ಕನ ಮಗ ಗಡಿಯಾರ ನೋಡುತ್ತಾನೆ. ಚಿಕ್ಕವನು 20 ನಿಮಿಷಕ್ಕೊಮ್ಮೆ ಎಲ್ಲರಿಗೂ "ನೀರು" ಅಂತ ಕೂಗಬೇಕು. ಅವನು ಕೂಗಿದರೆ ತಾತನೂ ಕುಡಿಯಲೇಬೇಕು. ಬಾಯಾರಿಕೆ ಆಗುವವರೆಗೆ ಕಾಯಬಾರದು, ಆಟದಲ್ಲಿದ್ದ ಮಕ್ಕಳಿಗೆ ಅದು ಗೊತ್ತಾಗುವುದು ತಡ.

ಬುತ್ತಿಯನ್ನು ಎರಡು ಡಬ್ಬಿ ಮಾಡಿ. ಒಂದು ಬರೀ ನೀರು, ಹಣ್ಣಿಗೆ. ಇದು ಮತ್ತೆ ಮತ್ತೆ ತೆರೆಯುವಂಥದ್ದು. ಇನ್ನೊಂದು ಊಟಕ್ಕೆ, ಊಟದ ಹೊತ್ತಿಗೆ ಮಾತ್ರ ಮುಚ್ಚಳ ತೆಗೆಯುವುದು. ಹಿಂದಿನ ರಾತ್ರಿ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಮುಕ್ಕಾಲು ನೀರು ತುಂಬಿ ಗಡ್ಡೆ ಕಟ್ಟಿಸಿ ಊಟದ ಸುತ್ತ ಇಡಿ. ಬೆಳಗ್ಗೆ ಡಬ್ಬಿ ತಣ್ಣಗಿಡುತ್ತವೆ, ವಾಪಸ್ ಬರುವಾಗ ಕುಡಿಯಲು ತಣ್ಣೀರಾಗುತ್ತವೆ. ಬೇಯಿಸಿದ ತಿನಿಸು, ಹಾಲಿನ ಪದಾರ್ಥ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಬಿಸಿಲು 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಉಳಿದದ್ದನ್ನು ಪ್ರೀತಿಯಿಂದ ಮನೆಗೆ ತರಬೇಡಿ, ಬಿಟ್ಟುಬಿಡಿ.

ಅಗಲ ಅಂಚಿನ ಟೋಪಿ, ಸಡಿಲವಾದ ತುಂಬು ತೋಳಿನ ಬಟ್ಟೆ. ಸನ್‌ಸ್ಕ್ರೀನ್ ಹಚ್ಚುವುದಾದರೆ ಹೊರಡುವ 15-20 ನಿಮಿಷ ಮುಂಚೆ, ಆಮೇಲೆ ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದು ಬಂದರೆ ಮತ್ತೆ. ಕಿವಿಯ ಮೇಲ್ಭಾಗ ಮತ್ತು ಪಾದ ಎಲ್ಲರೂ ಮರೆಯುವ ಜಾಗ.

ಹೊರಡುವ ಮುಂಚೆ ಮೂವರದ್ದೂ ಒಂದು ಫೋಟೋ ತೆಗೆಯುತ್ತೇನೆ. ಯಾರಾದರೂ ಕಣ್ತಪ್ಪಿದರೆ ಇವತ್ತು ಯಾವ ಬಟ್ಟೆ ಹಾಕಿದ್ದರು ಅಂತ ತೋರಿಸಬಹುದು. ಚಿಕ್ಕವನ ತೋಳಿನ ಒಳಬದಿಗೆ ಪೆನ್ನಿನಲ್ಲಿ ನನ್ನ ನಂಬರ್ ಬರೆಯುತ್ತೇನೆ. ತಲುಪಿದ ಕೂಡಲೇ ಎಲ್ಲರೂ ಸೇರಿ ಒಂದು ಗುರುತು ಆರಿಸುತ್ತೇವೆ, "ತಪ್ಪಿಹೋದರೆ ಈ ಮರದ ಕೆಳಗೆ" ಅಂತ. ಅದನ್ನು ಮಕ್ಕಳೇ ಆರಿಸಬೇಕು, ಆಗ ನೆನಪಿರುತ್ತದೆ.

ನೀರಿನ ಹತ್ತಿರ ಹೋದರೆ ಒಂದು ಮಾತು ಕಟ್ಟುನಿಟ್ಟು. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದೂ ಅಪರೂಪ. ಸದ್ದಿಲ್ಲದೆ ಆಗಿಹೋಗುತ್ತದೆ. "ಎಲ್ಲರೂ ನೋಡ್ತಾ ಇದ್ದಾರೆ" ಅಂದರೆ ಯಾರೂ ನೋಡುತ್ತಿಲ್ಲ ಅಂತ ಅರ್ಥ. ಅದಕ್ಕೆ ನಾವು ಪಾಳಿ ಮಾಡುತ್ತೇವೆ. 20 ನಿಮಿಷ ನಾನು, 20 ನಿಮಿಷ ಇನ್ನೊಬ್ಬ ದೊಡ್ಡವರು. ಪಾಳಿಯಲ್ಲಿರುವವರ ಫೋನ್ ಚೀಲದಲ್ಲಿ, ಈಜು ಬಾರದ ಮಗು ಕೈಗೆ ಎಟುಕುವಷ್ಟು ಹತ್ತಿರ.

ಕಾರಿನಲ್ಲಿ ಹೋದವರು ಮಕ್ಕಳನ್ನು ಒಳಗೆ ಬಿಟ್ಟು ಒಂದೇ ನಿಮಿಷ ಅಂತ ಇಳಿಯಬೇಡಿ. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಶಾಖ ಏರುತ್ತದೆ. ಕಿಟಕಿ ಸ್ವಲ್ಪ ಇಳಿಸಿದರೆ ಏನೂ ಪ್ರಯೋಜನವಿಲ್ಲ.

ಮಗು ಮಂಕಾದರೆ, ತಲೆನೋವು, ಹೊಟ್ಟೆ ತೊಳಸುವುದು ಅಂದರೆ ಕೂಡಲೇ ನೆರಳಿಗೆ ಕರೆತಂದು ಬಟ್ಟೆ ಸಡಿಲಿಸಿ. ಒದ್ದೆ ಬಟ್ಟೆಯಿಂದ ಕತ್ತು, ಕಂಕುಳು ಒರೆಸಿ, ಗಾಳಿ ಹಾಕಿ, ಗುಟುಕು ಗುಟುಕಾಗಿ ನೀರು ಕೊಡಿ. ಮಾತು ತೊದಲಿದರೆ, ಏನೇನೋ ಮಾತಾಡಿದರೆ, ಪ್ರಜ್ಞೆ ತಪ್ಪಿದರೆ ಬಾಯಿಗೆ ನೀರು ಹಾಕದೆ, ಮೈ ತಣ್ಣಗೆ ಮಾಡುತ್ತಲೇ ಆಸ್ಪತ್ರೆಗೆ ಹೊರಡಿ.

ಇಷ್ಟೆಲ್ಲ ಮುನ್ನೆಚ್ಚರಿಕೆ ಇದ್ದರೆ ಅಲ್ಲಿಗೆ ಹೋಗಿ ಏನು ಮಾಡಬೇಕು ಅನ್ನುವ ಯೋಚನೆ ಬೇಡ. ನಾನು ಒಂದೇ ಒಂದು ಚೀಟಿ ಕೊಡುತ್ತೇನೆ: ಒರಟು ಎಲೆ ಒಂದು, ನುಣುಪು ಎಲೆ ಒಂದು, ಮೂರು ಬೇರೆ ಬೇರೆ ಹಕ್ಕಿಯ ದನಿ, ನಿನ್ನ ಹೆಬ್ಬೆರಳಿಗಿಂತ ಚಿಕ್ಕದಾದ ಒಂದು ಕಲ್ಲು. ಉದುರಿದ ಎಲೆ ಮಾತ್ರ, ಗಿಡದಿಂದ ಕೀಳುವಂತಿಲ್ಲ. ಉಳಿದ ಹೊತ್ತು ಅವರದ್ದು.

ಮನೆಗೆ ಬಂದ ಮೇಲೆ ಆ ಎಲೆಗಳು ಹಳೇ ಪೇಪರಿನ ಮಡಿಕೆಯೊಳಗೆ, ದಪ್ಪ ಪುಸ್ತಕಗಳ ಅಡಿಗೆ ಹೋಗುತ್ತವೆ. ಪೂರ್ತಿ ಒಣಗಲು ವಾರ, ಹತ್ತು ದಿನ ಬೇಕು. ಆದರೆ ನೆರಳಚ್ಚಿಗೆ ಚಪ್ಪಟೆಯಾಗಲು ಒಂದು ರಾತ್ರಿ ಸಾಕು. ಮಗಳು ಕಪಾಟಿನಲ್ಲಿ ಅರಿಶಿನದ ಕಾಗದ ಒಣಗಲು ಇಡುತ್ತಾಳೆ. ಅಕ್ಕನ ಮಗ ಲೋಟಗಳಿಗೆ ಫಾಯಿಲ್ ಸುತ್ತುತ್ತಾನೆ. ಚಿಕ್ಕವನು ಕಡ್ಡಿಗಳನ್ನು ಎಣಿಸುತ್ತಾನೆ, ತಾತನಿಗೂ ಸೇರಿಸಿ ಐದು.